ಎರಡು ತಂಡ, ಒಬ್ಬ ಧಣಿ

(ಸಂಜೆಯ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಆಟದ ವಿಷಯ ಮಾತಾಡುತ್ತೇನೆಂದು ಹೇಳಿದಾಗ ಕೂಟದ ಕಾರ್ಯದರ್ಶಿಗಳು ನನ್ನ ಮುಖವನ್ನೇ ನೋಡಿದರು. ಕೂಲಿ ಕರಾರುಗಳ ವಿಷಯ ಹೇಳಿ ಎಂದು ಕರೆದರೆ ಈತ ಚೆಂಡು ದಾಂಡಿನ ಕಥೆ ತಂದನಲ್ಲ ಎಂದು ಅವರಿಗೆ ಅನ್ನಿಸಿರಬೇಕು. ನಾನು ಹೇಳಹೊರಟಿರುವುದೂ ಕೂಲಿ ಕರಾರಿನ ಕಥೆಯೇ. ಅದು ನಡೆದದ್ದು ಅಮೆರಿಕದ ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ಎಂಬ ಊರಿನ ಆಟದ ಬಯಲಿನಲ್ಲಿ, ೧೮೯೯ನೆಯ ಇಸವಿಯಲ್ಲಿ.

ಆ ಊರಿನ ಬೇಸ್‌ಬಾಲ್ ತಂಡಕ್ಕೆ ಸ್ಪೈಡರ್ಸ್, ಅಂದರೆ ಜೇಡರ ಹುಳುಗಳು, ಎಂದು ಹೆಸರು. ಆ ಒಂದು ವರ್ಷದಲ್ಲಿ ಅವರು ೧೫೪ ಪಂದ್ಯ ಆಡಿದರು. ಗೆದ್ದದ್ದು ೨೦. ಸೋತದ್ದು ೧೩೪. ಅಲ್ಲಿಂದೀಚೆಗೆ ಒಂದು ಶತಮಾನಕ್ಕೂ ಮಿಗಿಲಾಗಿ ಕಾಲ ಸರಿದಿದೆ. ಮೇಲ್ದರ್ಜೆಯ ಯಾವ ತಂಡವೂ ಒಂದೇ ವರ್ಷದಲ್ಲಿ ಅಷ್ಟು ಸೋತಿಲ್ಲ. ೨೦೨೪ರಲ್ಲಿ ಷಿಕಾಗೋ ನಗರದ ವೈಟ್ ಸಾಕ್ಸ್ ತಂಡ ೧೬೨ ಪಂದ್ಯಗಳಲ್ಲಿ ೧೨೧ ಸೋತಿತೆಂದು ಪತ್ರಿಕೆಗಳು ದೊಡ್ಡ ಗದ್ದಲ ಮಾಡಿದವು. ಅವರೂ ಕ್ಲೀವ್‌ಲೆಂಡಿನವರನ್ನು ಮುಟ್ಟಲು ಇನ್ನೂ ಹದಿಮೂರು ಸೋಲು ಬೇಕಾಗಿದ್ದಿತು, ಅದೂ ಎಂಟು ಪಂದ್ಯ ಹೆಚ್ಚಿಗೆ ಆಡಿದ ಮೇಲೆ.

ಹೀಗಾಗಿ ಬೇಸ್‌ಬಾಲಿನ ನಗೆಹನಿಗಳಲ್ಲಿ ಸ್ಪೈಡರ್ಸ್ ತಂಡಕ್ಕೆ ಒಂದು ಕಾಯಂ ಜಾಗ ಉಂಟು. ಇಂಥ ಆಟಗಾರರೂ ಇದ್ದರಲ್ಲ ಎಂದು ಓದಿದವರು ನಗುತ್ತಾರೆ. ಆ ನಗೆ ಬೇರೆ ಮನೆಯ ಬಾಗಿಲಿಗೆ ಹೋಗಬೇಕಾದದ್ದು ಎಂಬುದಿಷ್ಟೇ ನನ್ನ ವಾದ.

ಮೊದಲು ಆಟದ ವಿಷಯ ಎರಡು ಮಾತು. ಕ್ರಿಕೆಟ್ ನೋಡಿದವರಿಗೆ ಇದು ತಿಳಿಯುವುದು ಕಷ್ಟವಲ್ಲ. ಇಲ್ಲಿಯೂ ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದುಂಡನೆಯ ದಾಂಡಿನಿಂದ ಹೊಡೆಯುತ್ತಾನೆ. ಹೊಡೆದವನು ನಾಲ್ಕು ಮೂಲೆಗಳನ್ನೂ ಮುಟ್ಟಿ ಸುತ್ತಿಕೊಂಡು ಹೊರಟ ಜಾಗಕ್ಕೇ ಬಂದರೆ ಒಂದು ರನ್. ಒಂದು ಕಡೆಗೆ ಒಂಬತ್ತು ಜನ. ಎಸೆಯುವವನನ್ನು ಪಿಚರ್ ಎನ್ನುತ್ತಾರೆ. ಆಟದ ಭಾರವೆಲ್ಲ ಬಹುಮಟ್ಟಿಗೆ ಅವನ ತೋಳಿನ ಮೇಲೆ. ಆದ್ದರಿಂದ ತಂಡ ಗೆದ್ದರೆ ಗೆಲುವನ್ನೂ ಸೋತರೆ ಸೋಲನ್ನೂ ಒಬ್ಬ ಪಿಚರ್ ಹೆಸರಿಗೆ ಖಾತೆಯಲ್ಲಿ ಬರೆದಿಡುವುದು ವಾಡಿಕೆ. ಈ ಖಾತೆ ಬರೆಯುವ ವಾಡಿಕೆಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಂಡದ ಧಣಿಗಳು ಇಬ್ಬರು ಅಣ್ಣತಮ್ಮಂದಿರು: ಫ್ರಾಂಕ್ ರಾಬಿಸನ್ ಮತ್ತು ಸ್ಟ್ಯಾನ್ಲಿ ರಾಬಿಸನ್. ಊರಿನ ಬೀದಿಯಲ್ಲಿ ಟ್ರಾಮ್ ಬಂಡಿ ಓಡಿಸಿ ಹಣ ಮಾಡಿದವರು. ೧೮೯೧ರಲ್ಲಿ ಅವರು ಲೀಗ್ ಪಾರ್ಕ್ ಎಂಬ ಆಟದ ಬಯಲನ್ನು ಕಟ್ಟಿಸಿದಾಗ ಅದನ್ನು ಎಲ್ಲಿ ಕಟ್ಟಿಸಿದರು ಗೊತ್ತೆ? ತಮ್ಮ ಟ್ರಾಮ್ ಹಾದಿಗಳು ಬಂದು ಸೇರುವ ಕಡೆಯಲ್ಲಿ. ಆಟ ನೋಡಲು ಬರುವವನು ಟ್ರಾಮಿಗೆ ಕಾಸು ಕೊಟ್ಟು ಬರಬೇಕು, ಬಾಗಿಲಲ್ಲಿ ಕಾಸು ಕೊಟ್ಟು ಒಳಹೋಗಬೇಕು, ಮನೆಗೆ ಹಿಂತಿರುಗಲು ಮತ್ತೆ ಟ್ರಾಮಿಗೆ ಕಾಸು ಕೊಡಬೇಕು. ವ್ಯಾಪಾರ ಗೊತ್ತಿರುವವರು ಇಲ್ಲಿ ಬಹಳ ಮಂದಿ ಕುಳಿತಿದ್ದೀರಿ. ಇದರಲ್ಲಿ ತಪ್ಪು ಹುಡುಕುವುದಕ್ಕಿಲ್ಲ ಎನ್ನುವಿರಿ. ನಾನೂ ಹುಡುಕುವುದಿಲ್ಲ.

ತಂಡ ಒಳ್ಳೆಯದಿದ್ದಿತು. ಇದನ್ನು ಒತ್ತಿ ಹೇಳಬೇಕು. ೧೮೯೫ರಲ್ಲಿ ಲೀಗಿನಲ್ಲಿ ಎರಡನೆಯ ಸ್ಥಾನಕ್ಕೆ ಬಂದು, ಆ ಮೇಲೆ ಟೆಂಪಲ್ ಕಪ್ ಎಂಬ ಪಂದ್ಯಾವಳಿಯಲ್ಲಿ ಬಾಲ್ಟಿಮೋರ್ ತಂಡವನ್ನು ಐದರಲ್ಲಿ ನಾಲ್ಕು ಆಟ ಗೆದ್ದು ಸೋಲಿಸಿದರು. ಸೈ ಯಂಗ್ ಎಂಬ ಪಿಚರ್ ಅವರಲ್ಲಿದ್ದ. ಅವನು ತನ್ನ ಜೀವಮಾನದಲ್ಲಿ ೫೧೧ ಪಂದ್ಯ ಗೆದ್ದವನು. ಇಂದಿಗೂ ಆ ಲೆಕ್ಕವನ್ನು ಯಾರೂ ಮುರಿದಿಲ್ಲ. ಜೆಸ್ಸಿ ಬರ್ಕೆಟ್ ಎಂಬ ಹೊಡೆತಗಾರ, ಬಾಬಿ ವ್ಯಾಲೆಸ್ ಎಂಬ ಚುರುಕು ಕೈಯ ಆಟಗಾರ, ನಾಯಕ ಪ್ಯಾಟ್ಸಿ ಟೆಬೋ, ಎಲ್ಲರೂ ಹೆಸರಾದವರೇ. ೧೮೯೮ರಲ್ಲಿ ಕೂಡ ೮೧ ಗೆದ್ದು ೬೮ ಸೋತು, ಹನ್ನೆರಡು ತಂಡಗಳಲ್ಲಿ ಐದನೆಯವರಾಗಿದ್ದರು.

ಆದರೆ ಜನ ಸಾಲದಾಗಿದ್ದರು. ಏಕೆ? ರಾಬಿಸನ್ನರ ಪರವಾಗಿ ಹೇಳಬೇಕಾದ ಒಂದು ಮಾತು ಇಲ್ಲಿದೆ. ಕ್ಲೀವ್‌ಲೆಂಡ್ ಕಬ್ಬಿಣ ಉಕ್ಕಿನ ಊರು, ಹಡಗುಕಟ್ಟೆಯ ಊರು. ಅಲ್ಲಿಯ ಕೆಲಸಗಾರನಿಗೆ ವಾರದಲ್ಲಿ ಬಿಡುವು ಒಂದೇ ದಿನ, ಭಾನುವಾರ. ಆ ದಿನ ಆಟ ಕೂಡದೆಂದು ಅಲ್ಲಿಯ ಕಾನೂನು. ಪಾದ್ರಿಗಳ ಒತ್ತಾಯವೂ ಅದರ ಹಿಂದೆ ಇದ್ದಿತು. ೧೮೯೭ರ ಮೇ ತಿಂಗಳಲ್ಲಿ ಫ್ರಾಂಕ್ ರಾಬಿಸನ್ ಏನಾದರಾಗಲಿ ಎಂದು ಒಂದು ಭಾನುವಾರ ಆಟ ಇಡಿಸಿದ. ಸಾವಿರಾರು ಜನ ನೆರೆದರು. ಒಂದು ಸುತ್ತು ಮುಗಿಯುತ್ತಿದ್ದ ಹಾಗೆ ಪೊಲೀಸರು ಬಂದು ಎರಡೂ ತಂಡದ ಆಟಗಾರರನ್ನು ಹಿಡಿದೊಯ್ದರು. ಮೊಕದ್ದಮೆ ನಡೆದು ತಪ್ಪಿತಸ್ಥನೆಂದು ತೀರ್ಪಾದದ್ದು ಜ್ಯಾಕ್ ಪವೆಲ್ ಎಂಬ ಪಿಚರ್‌ಗೆ. ಆಟ ಇಡಿಸಿದವನು ಧಣಿ, ಕೋರ್ಟಿನ ಕಟಕಟೆಯಲ್ಲಿ ನಿಂತವನು ಕೂಲಿಗೆ ಚೆಂಡು ಎಸೆದವನು. ಇದು ಬರೀ ಪ್ರಾಸಂಗಿಕ. ಆದರೂ ಹೇಳದಿರಲು ಮನಸ್ಸಾಗಲಿಲ್ಲ.

ಈಗ ಸೇಂಟ್ ಲೂಯಿಗೆ ಬರೋಣ. ಅದು ಮಿಸಿಸಿಪ್ಪಿ ನದಿಯ ದಂಡೆಯ ದೊಡ್ಡ ಪಟ್ಟಣ. ಅಲ್ಲಿಯ ತಂಡ ೧೮೯೮ರಲ್ಲಿ ೩೯ ಗೆದ್ದು ೧೧೧ ಸೋತು ಎಲ್ಲರಿಗಿಂತ ಕೆಳಗೆ ಬಿದ್ದಿದ್ದಿತು. ಅದರ ಯಜಮಾನ ಕ್ರಿಸ್ ಫಾನ್ ಡರ್ ಆಹೆ ಸಾಲದಲ್ಲಿ ಮುಳುಗಿದ. ೧೮೯೯ರ ಮಾರ್ಚಿಯಲ್ಲಿ ತಂಡ ಹರಾಜಿಗೆ ಬಂದಿತು. ಸೋಲುವ ತಂಡವಾದರೂ ಊರು ದೊಡ್ಡದು, ಭಾನುವಾರದ ಆಟಕ್ಕೆ ಅಲ್ಲಿ ಅಡ್ಡಿಯಿಲ್ಲ. ಹರಾಜಾದ ತಂಡ ಕೈಯಿಂದ ಕೈಗೆ ದಾಟಿ ಕೊನೆಗೆ ರಾಬಿಸನ್ ಸೋದರರ ಹಿಡಿತಕ್ಕೆ ಬಂದಿತು. ಕ್ಲೀವ್‌ಲೆಂಡ್ ತಂಡವನ್ನು ಅವರು ಮಾರಲಿಲ್ಲ. ಹೀಗೆ ಒಂದೇ ಲೀಗಿನಲ್ಲಿ, ಒಂದರ ವಿರುದ್ಧ ಇನ್ನೊಂದು ಆಡಬೇಕಾದ ಎರಡು ತಂಡಗಳಿಗೆ ಒಬ್ಬನೇ ಧಣಿಯಾದ. ಆಗ ಅದಕ್ಕೆ ಅಡ್ಡಿಮಾಡುವ ನಿಯಮವಿರಲಿಲ್ಲ. ಅಂಥ ನಿಯಮ ಬಂದದ್ದು ಆಮೇಲೆ, ಊರು ಕೊಳ್ಳೆಹೋದ ಮೇಲೆ.

ಎರಡು ಅಂಗಡಿ ಇರುವ ಸಾಹುಕಾರ ಏನು ಮಾಡುತ್ತಾನೆ? ಜನ ಬರುವ ಬೀದಿಯ ಅಂಗಡಿಗೆ ಒಳ್ಳೆಯ ಮಾಲು ಸಾಗಿಸುತ್ತಾನೆ. ಜನ ಬಾರದ ಬೀದಿಯ ಅಂಗಡಿಯಲ್ಲಿ ಹುಳು ಹಿಡಿದ ಬೇಳೆ ಉಳಿಯುತ್ತದೆ. ರಾಬಿಸನ್ನರು ಮಾಡಿದ್ದು ಅದನ್ನೇ. ಸೈ ಯಂಗ್, ಬರ್ಕೆಟ್, ವ್ಯಾಲೆಸ್, ಟೆಬೋ, ಕೋರ್ಟಿಗೆ ಹೋಗಿ ಬಂದ ಆ ಪವೆಲ್, ಎಲ್ಲರೂ ಸೇಂಟ್ ಲೂಯಿಗೆ ಹೋದರು. ಸೇಂಟ್ ಲೂಯಿಯಲ್ಲಿ ಹಿಂದಿನ ವರ್ಷ ೧೧೧ ಸೋತವರ ಪೈಕಿ ಹಲವರು ಕ್ಲೀವ್‌ಲೆಂಡಿಗೆ ಬಂದರು. ಸೇಂಟ್ ಲೂಯಿಯ ತಂಡಕ್ಕೆ ಆ ವರ್ಷ ಪರ್ಫೆಕ್ಟೋಸ್ ಎಂಬ ಹೊಸ ಹೆಸರು, ಕುಂದಿಲ್ಲದವರು ಎಂಬರ್ಥದ್ದು. ಕ್ಲೀವ್‌ಲೆಂಡಿಗೆ ಹೊಸ ಹೆಸರು ಕೊಟ್ಟವರು ಪತ್ರಿಕೆಯವರು. ಅದನ್ನು ಮುಂದೆ ಹೇಳುತ್ತೇನೆ.

ಬೇಳೆಗೂ ಮನುಷ್ಯನಿಗೂ ಇರುವ ವ್ಯತ್ಯಾಸವನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆದರೆ ಆ ಆಟಗಾರರು ಏಕೆ ಹೋದರು, ಒಲ್ಲೆ ಎನ್ನಬಾರದಿತ್ತೆ ಎಂದು ಕೇಳಬಹುದು. ಇಲ್ಲಿ ಕರಾರಿನ ವಿಷಯ ಬರುತ್ತದೆ. ೧೮೭೯ರಲ್ಲಿ ಧಣಿಗಳು ಗುಟ್ಟಾಗಿ ಕುಳಿತು ಒಂದು ಒಪ್ಪಂದ ಮಾಡಿಕೊಂಡಿದ್ದರು. ತಂಡಕ್ಕೆ ಐದೈದು ಜನ ಆಟಗಾರರನ್ನು ತಮ್ಮವರೆಂದು ಗುರುತು ಹಾಕುವುದು. ಒಬ್ಬನು ಗುರುತು ಹಾಕಿದವನನ್ನು ಇನ್ನೊಬ್ಬನು ಕೆಲಸಕ್ಕೆ ಕರೆಯಕೂಡದು. ಐದು ಜನರಿಂದ ಶುರುವಾದದ್ದು ಬರಬರುತ್ತ ತಂಡದ ಬಹುಪಾಲು ಎಲ್ಲರಿಗೂ ಹಬ್ಬಿತು. ಕೊನೆಗೆ ಕರಾರು ಪತ್ರದಲ್ಲೇ ಅಚ್ಚಾಗಿ ಕುಳಿತಿತು. ಮೀಸಲು ಕರಾರು ಎಂದು ಇದನ್ನು ಕರೆಯೋಣ. ಇದರ ಪ್ರಕಾರ ಆಟಗಾರನ ಕರಾರು ಒಂದು ವರ್ಷದ್ದು, ಆದರೆ ಅವನ ಮೇಲೆ ಧಣಿಯ ಹಕ್ಕು ಎಂದಿಗೂ ಮುಗಿಯದ್ದು. ವರ್ಷ ತೀರಿದ ಮೇಲೂ ಅವನು ಬೇರೆ ತಂಡ ಸೇರುವಂತಿಲ್ಲ. ಧಣಿಯಾದರೋ ಅವನನ್ನು ಮಾರಬಹುದು, ಬದಲಿಗೆ ಕೊಡಬಹುದು, ಬೇಡವಾದರೆ ಹತ್ತು ದಿನದ ನೋಟೀಸು ಕೊಟ್ಟು ಬಿಡಿಸಬಹುದು. ಅದರ ಮೇಲೆ, ಎಂಥ ಆಟಗಾರನಿಗೂ ವರ್ಷಕ್ಕೆ ೨,೪೦೦ ಡಾಲರ್ ಮೀರಿ ಕೊಡಕೂಡದೆಂದು ಲೀಗಿನ ಧಣಿಗಳ ಕಟ್ಟು. ಒಬ್ಬ ಗಿರಣಿಯವನು ಕೂಲಿ ಕಡಿಮೆ ಕೊಟ್ಟರೆ ಇನ್ನೊಂದು ಗಿರಣಿಯ ಬಾಗಿಲಿಗೆ ಹೋಗಬಹುದು. ಊರಿನ ಗಿರಣಿಯವರೆಲ್ಲ ಸೇರಿ ಬಾಗಿಲು ಹಾಕಿಕೊಂಡರೆ? ಇವರ ಪಾಡು ಹಾಗಿದ್ದಿತು.

ಇದನ್ನು ಮುರಿಯಲು ಆಟಗಾರರು ಒಮ್ಮೆ ಹೂಡಿದ ಹೋರಾಟವೂ ಉಂಟು. ಜಾನ್ ಮಾಂಟ್ಗೊಮರಿ ವಾರ್ಡ್ ಎಂಬ, ಕಾನೂನು ಓದಿದ ಆಟಗಾರನ ಮುಂದಾಳುತನದಲ್ಲಿ ೧೮೯೦ರಲ್ಲಿ ತಮ್ಮದೇ ಬೇರೆ ಲೀಗನ್ನು ಕಟ್ಟಿ ಒಂದು ವರ್ಷ ನಡೆಸಿದರು. ಜನ ಬಂದರು. ಆದರೆ ಹಣ ಹೂಡಿದ್ದ ಪಾಲುದಾರರು ಹಳೆಯ ಧಣಿಗಳ ಜತೆ ರಾಜಿಯಾಗಿಬಿಟ್ಟರು. ಅದೇ ಒಂದು ಸಂಜೆಯ ಭಾಷಣವಾದೀತು, ಇರಲಿ.

೧೮೯೯ರ ಏಪ್ರಿಲ್ ೧೫. ಪಂದ್ಯಾವಳಿಯ ಮೊದಲ ದಿನ. ಕ್ಲೀವ್‌ಲೆಂಡಿನವರಿಗೆ ಮೊದಲ ಆಟ ಯಾರ ಮೇಲೆ? ಸೇಂಟ್ ಲೂಯಿಯ ಮೇಲೆ, ಸೇಂಟ್ ಲೂಯಿಯಲ್ಲಿ. ಎದುರಿಗೆ ಚೆಂಡು ಎಸೆಯಲು ನಿಂತವನು ಸೈ ಯಂಗ್. ಹಿಂದಿನ ವರ್ಷದ ತನಕ ಕ್ಲೀವ್‌ಲೆಂಡಿನ ಹೆಮ್ಮೆಯಾಗಿದ್ದವನು. ಆಟ ಹತ್ತು ರನ್ನಿಗೆ ಒಂದು ರನ್ನಿನಂತೆ ಮುಗಿಯಿತು. ಹತ್ತು ಯಾರದೆಂದು ಹೇಳಬೇಕಾಗಿಲ್ಲ.

ಕ್ಲೀವ್‌ಲೆಂಡಿನಲ್ಲಿ ಮೊದಲ ಆಟ ಮೇ ೧ರಂದು. ನೋಡಲು ಬಂದವರು ಐನೂರು ಮಂದಿಯೂ ಇಲ್ಲ. ಊರಿನ ಜನಕ್ಕೆ ಬೇಸ್‌ಬಾಲ್ ಬೇಡವಾಗಿತ್ತೆಂದು ಇದಕ್ಕೆ ಅರ್ಥವಲ್ಲ. ಕಣ್ಣೆದುರಿಗೇ ಮನೆಯ ಪಾತ್ರೆಪಗಡೆ ಹೊತ್ತೊಯ್ದವನು ಬರಿಯ ಗೋಡೆ ನೋಡಲು ಬಾಗಿಲಲ್ಲಿ ಟಿಕೇಟು ಇಟ್ಟರೆ ಯಾರು ಕೊಂಡಾರು? ಕ್ಲೀವ್‌ಲೆಂಡಿನ ತಂಡವನ್ನು ಪಕ್ಕದ ಸಣ್ಣ ಪ್ರದರ್ಶನದಂತೆ ನಡೆಸುವುದಾಗಿ ಸ್ಟ್ಯಾನ್ಲಿ ರಾಬಿಸನ್ ಮೊದಲೇ ಬಾಯಿಬಿಟ್ಟು ಹೇಳಿದ್ದ. ಜಾತ್ರೆಯಲ್ಲಿ ದೊಡ್ಡ ಡೇರೆಯ ಮಗ್ಗುಲಿಗೆ ಎರಡು ತಲೆಯ ಕರುವಿನ ಡೇರೆ ಇರುತ್ತದಲ್ಲ, ಆ ಹಾಗೆ.

ಆ ವರ್ಷ ಪೂರ್ತಿ ಕ್ಲೀವ್‌ಲೆಂಡಿನಲ್ಲಿ ನಡೆದದ್ದು ೪೨ ಪಂದ್ಯ. ಎಲ್ಲಕ್ಕೂ ಸೇರಿ ಬಂದ ಪ್ರೇಕ್ಷಕರು ೬,೦೮೮. ಒಂದು ಪಂದ್ಯಕ್ಕೆ ೧೪೫ ಜನ. ತಲೆಗೆ ಅರ್ಧ ಡಾಲರ್ ಎಂದಿಟ್ಟುಕೊಂಡರೂ ಎಪ್ಪತ್ತೆರಡು, ಎಪ್ಪತ್ತಮೂರು ಡಾಲರ್ ವಸೂಲಿ. ಬಾಗಿಲಿನ ವಸೂಲಿಯಲ್ಲಿ ಹೊರಗಿನಿಂದ ಬಂದ ತಂಡಕ್ಕೂ ಪಾಲು ಕೊಡಬೇಕು. ಆ ಪಾಲು ಅವರ ರೈಲು ಚಾರ್ಜಿಗೂ ಹೋಟೆಲ್ ಖರ್ಚಿಗೂ ಸಾಲದಾಯಿತು. ಆದ್ದರಿಂದ ಕ್ಲೀವ್‌ಲೆಂಡಿಗೆ ಬರಲು ಬೇರೆ ತಂಡಗಳಿಗೆ ಇಷ್ಟವಿಲ್ಲದೆ ಹೋಯಿತು. ರಾಬಿಸನ್ನರಿಗೆ ಇದೂ ಅನುಕೂಲವೇ. ಜುಲೈ ತಿಂಗಳಿನಿಂದಾಚೆಗೆ ತವರಿನಲ್ಲಿ ಆಡಬೇಕಾದ ಪಂದ್ಯಗಳಲ್ಲಿ ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದುವನ್ನೆಲ್ಲ ಪರ ಊರುಗಳಿಗೆ ಸಾಗಿಸಿದರು.

ತಂಡದವರು ರೈಲು ಹತ್ತಿದರು. ೧೫೪ ಪಂದ್ಯಗಳಲ್ಲಿ ೧೧೨ ಪರಸ್ಥಳದಲ್ಲಿ! ಗೆದ್ದದ್ದು ೧೧, ಸೋತದ್ದು ೧೦೧. ಈ ನೂರ ಒಂದರ ಲೆಕ್ಕವನ್ನು ಇನ್ನು ಯಾರೂ ಮುರಿಯಲಾರರು, ಏಕೆಂದರೆ ಈಗಿನ ಕ್ರಮದಲ್ಲಿ ಒಂದು ತಂಡ ಪರಸ್ಥಳದಲ್ಲಿ ಆಡುವುದೇ ೮೧ ಪಂದ್ಯ. ಪತ್ರಿಕೆಗಳು ಅವರಿಗೆ ಅಲೆಮಾರಿಗಳು, ದೇಶಭ್ರಷ್ಟರು, ಎಲ್ಲಿಗೂ ಹೊಂದದವರು ಎಂದೆಲ್ಲ ಹೆಸರಿಟ್ಟವು. ನಾನು ಆಗಲೇ ಹೇಳಿದ ಹೊಸ ಹೆಸರು ಇವೇ.

ಅವರಿಗೆ ನಾಯಕರಾದವರ ಗತಿ ಕೇಳಿ. ಮೊದಲು ಲೇವ್ ಕ್ರಾಸ್ ಎಂಬಾತ. ಒಳ್ಳೆಯ ಆಟಗಾರ. ಅವನ ಕೈಕೆಳಗೆ ೩೮ ಪಂದ್ಯಗಳಲ್ಲಿ ಎಂಟು ಗೆಲುವು ಬಂದವು. ಮುರುಕು ಗಾಡಿಯನ್ನು ಅಷ್ಟು ದೂರ ಎಳೆದದ್ದೇ ಹೆಚ್ಚು. ಅದಕ್ಕೆ ಸಿಕ್ಕಿದ ಫಲವೆಂದರೆ ಜೂನ್ ತಿಂಗಳಲ್ಲಿ ಅವನನ್ನೂ ಸೇಂಟ್ ಲೂಯಿಗೆ ಕರೆಸಿಕೊಂಡದ್ದು. ವಿಲ್ಲಿ ಸಡಾಫ್ ಎಂಬ ಪಿಚರ್ ಮೂರು ಆಟ ಗೆದ್ದ, ಅವನನ್ನೂ ಕರೆಸಿಕೊಂಡರು. ಕ್ಲೀವ್‌ಲೆಂಡಿನಲ್ಲಿ ಯಾರ ಕೈ ಸ್ವಲ್ಪ ಕುದುರಿದರೂ ಅವನ ಪೆಟ್ಟಿಗೆ ಕಟ್ಟಿದಂತೆಯೇ. ಕ್ರಾಸ್ ಹೋದ ಮೇಲೆ ಜೋ ಕ್ವಿನ್ ನಾಯಕನಾದ. ಈತ ಆಸ್ಟ್ರೇಲಿಯದಲ್ಲಿ ಹುಟ್ಟಿದವನು. ಆಟವಿಲ್ಲದ ತಿಂಗಳುಗಳಲ್ಲಿ ಇವನ ಕಸುಬು ಹೆಣಗಳ ಅಂತ್ಯಕ್ರಿಯೆಯ ಏರ್ಪಾಡು ಮಾಡುವುದು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಅವನ ನಾಯಕತ್ವದಲ್ಲಿ ಹನ್ನೆರಡು ಗೆಲುವು, ೧೦೪ ಸೋಲು.

ಆಗಸ್ಟ್ ೨೬ರಿಂದ ಸೆಪ್ಟೆಂಬರ್ ೧೬ರ ವರೆಗೆ ಒಂದೇ ಸಮನೆ ೨೪ ಪಂದ್ಯ ಸೋತರು. ಸೆಪ್ಟೆಂಬರ್ ೧೮ರಂದು ವಾಷಿಂಗ್ಟನ್ ತಂಡದ ಮೇಲೆ ಒಂದು ಗೆಲುವು. ಆಮೇಲೆ ಮತ್ತೆ ೧೬ ಸೋಲು, ವರ್ಷ ಮುಗಿಯಿತು. ಇಡೀ ವರ್ಷದಲ್ಲಿ ಅವರು ಹೊಡೆದ ರನ್ನು ೫೨೯, ಕೊಟ್ಟದ್ದು ೧,೨೫೨. ಅತ್ತ ಸೈ ಯಂಗ್ ಸೇಂಟ್ ಲೂಯಿಗೆ ಆಡಿ ತಾನೊಬ್ಬನೇ ೨೬ ಪಂದ್ಯ ಗೆದ್ದ. ಇಡೀ ಕ್ಲೀವ್‌ಲೆಂಡ್ ತಂಡ ಗೆದ್ದದ್ದು ೨೦ ಎಂಬುದು ನೆನಪಿರಲಿ.

ಅಕ್ಟೋಬರ್ ೧೫ರಂದು ಸಿನ್ಸಿನಾಟಿಯಲ್ಲಿ ಕೊನೆಯ ದಿನ. ಅಂದು ಎರಡು ಆಟ. ಎರಡನೆಯದಕ್ಕೆ ಚೆಂಡೆಸೆಯಲು ನಿಂತವನು ಎಡ್ಡಿ ಕೋಲ್ಬ್. ಅವನು ತಂಡದವನೇ ಅಲ್ಲ. ತಂಡ ಇಳಿದುಕೊಂಡಿದ್ದ ಹೋಟೆಲಿನ ಚುಟ್ಟದಂಗಡಿಯಲ್ಲಿ ಗುಮಾಸ್ತ. ಹತ್ತೊಂಬತ್ತಕ್ಕೆ ಮೂರರಂತೆ ಸೋತರು. ಆ ಹುಡುಗನ ಮಟ್ಟಿಗೆ ಅದು ಬಾಳಿನ ದೊಡ್ಡ ದಿನವೇ ಆಗಿರಬಹುದು, ಅವನನ್ನು ನಗುವುದು ಬೇಡ. ಆದರೆ ಹಣ ತೆತ್ತು ಒಳಗೆ ಬಂದ ಸಿನ್ಸಿನಾಟಿಯ ಪ್ರೇಕ್ಷಕನಿಗೆ ರಾಬಿಸನ್ನರು ಕೊಟ್ಟ ಮಾಲು ಎಂಥದೆಂದು ವ್ಯಾಪಾರಿಗಳಾದ ನೀವು ತೂಗಿ ನೋಡಿ.

ವರ್ಷ ಮುಗಿದ ಮೇಲೆ ಆಟಗಾರರೆಲ್ಲ ಚಂದಾ ಹಾಕಿ, ತಂಡದ ಜತೆ ಊರೂರು ತಿರುಗಿ ಲೆಕ್ಕಪತ್ರ ನೋಡುತ್ತಿದ್ದ ಜಾರ್ಜ್ ಮ್ಯೂರ್ ಎಂಬುವನಿಗೆ ವಜ್ರದ ಒಂದು ಪದಕ ಕೊಟ್ಟರಂತೆ. ತಮ್ಮ ಎಲ್ಲ ಪಂದ್ಯಗಳನ್ನೂ ನೋಡುವ ದುರದೃಷ್ಟ ಪ್ರಪಂಚದಲ್ಲಿ ಆತನೊಬ್ಬನಿಗೇ ಬಂದಿತೆಂದು ಕಾರಣ ಹೇಳಿದರಂತೆ. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾಗುವ ಸಂಗತಿ ಇದು. ಊರೆಲ್ಲ ತಮ್ಮನ್ನು ನಗುತ್ತಿದ್ದಾಗ ಅವರು ತಾವೇ ನಕ್ಕರು. ಕೈಯಿಂದ ಕಾಸು ಹಾಕಿ ನಕ್ಕರು.

ಅದೇ ಬೇಸಗೆಯಲ್ಲಿ ಕ್ಲೀವ್‌ಲೆಂಡಿನ ಬೀದಿಯಲ್ಲಿ ಇನ್ನೊಂದು ನಡೆಯಿತು. ಜೂನ್ ೧೦ರಂದು ಊರಿನ ದೊಡ್ಡ ಟ್ರಾಮ್ ಕಂಪೆನಿಯ ಸುಮಾರು ೮೫೦ ಕೆಲಸಗಾರರು ಮುಷ್ಕರ ಹೂಡಿದರು. ಒಮ್ಮೆ ರಾಜಿಯಾಗಿ, ಜುಲೈಯಲ್ಲಿ ಮತ್ತೆ ಹೊತ್ತಿಕೊಂಡಿತು. ಊರಿನ ಜನ ಆ ಕಂಪೆನಿಯ ಬಂಡಿ ಹತ್ತುವುದಿಲ್ಲವೆಂದು ಹಟ ಹಿಡಿದರು. ಗಲಭೆಯಾಗಿ ಸೈನ್ಯ ಬಂದಿತು. ಕೊನೆಗೆ ಮುಷ್ಕರ ಸೋತಿತು. ಇದು ರಾಬಿಸನ್ನರು ಕಟ್ಟಿದ ಮಾರ್ಗಗಳಲ್ಲ, ಅವರಿಗೆ ಪೈಪೋಟಿಯಾಗಿದ್ದ ಕಂಪೆನಿ. ಆದ್ದರಿಂದ ತಂಡದ ಕಥೆಗೂ ಮುಷ್ಕರಕ್ಕೂ ಗಂಟು ಹಾಕುವುದು ಸರಿಯಲ್ಲ. ಆದರೆ ಲೀಗ್ ಪಾರ್ಕಿನ ಬಾಗಿಲಿಗೆ ಹೋಗದೆ ನಿಂತ ಊರು ಎಂಥ ಊರೆಂಬುದು ತಿಳಿಯಲಿ ಎಂದು ಹೇಳಿದೆ. ಕಾಸು ಕೊಡದಿರುವುದೂ ಒಂದು ಮಾತೆಂಬುದನ್ನು ಆ ಊರಿನವರು ಆ ವರ್ಷ ಚೆನ್ನಾಗಿ ಕಲಿತಿದ್ದರು.

ಧಣಿಗಳಿಗೆ ಲಾಭವಾಯಿತೆ? ಸೇಂಟ್ ಲೂಯಿ ತಂಡ ೮೪ ಗೆದ್ದು ೬೭ ಸೋತು ಬಂದದ್ದು ಐದನೆಯ ಸ್ಥಾನಕ್ಕೆ. ಹಿಂದಿನ ವರ್ಷ ಇದೇ ಆಟಗಾರರು ಕ್ಲೀವ್‌ಲೆಂಡಿನಲ್ಲಿದ್ದಾಗಲೂ ಐದನೆಯ ಸ್ಥಾನವೇ. ಒಂದು ಊರನ್ನು ಬರಿದು ಮಾಡಿ ಇನ್ನೊಂದು ಊರಿಗೆ ಕೊಟ್ಟದ್ದು ಇಷ್ಟು.

ಇದು ರಾಬಿಸನ್ನರೊಬ್ಬರ ಕೆಟ್ಟತನವೆಂದು ತಿಳಿದರೆ ತಪ್ಪಾದೀತು. ಅದೇ ವರ್ಷ ಬ್ರೂಕ್ಲಿನ್ ಮತ್ತು ಬಾಲ್ಟಿಮೋರ್ ತಂಡಗಳಿಗೂ ಒಬ್ಬರೇ ಪಾಲುದಾರರು. ಬಾಲ್ಟಿಮೋರಿನಿಂದ ಕೀಲರ್, ಕೆಲ್ಲಿ, ಜೆನ್ನಿಂಗ್ಸ್ ಎಂಬ ಹೆಸರಾಂತ ಆಟಗಾರರನ್ನು ಬ್ರೂಕ್ಲಿನ್ನಿಗೆ ಒಯ್ದರು. ಬ್ರೂಕ್ಲಿನ್ ೧೦೧ ಗೆದ್ದು ಮೊದಲನೆಯದಾಯಿತು, ಕ್ಲೀವ್‌ಲೆಂಡಿಗಿಂತ ೮೪ ಪಂದ್ಯ ಮುಂದೆ. ಆದರೆ ಬಾಲ್ಟಿಮೋರಿನಲ್ಲಿ ಉಳಿದಿದ್ದ ಜಾನ್ ಮೆಗ್ರಾ ಎಂಬ ಇಪ್ಪತ್ತಾರು ವರ್ಷದ ಹುಡುಗ ನಾಯಕನಾಗಿ, ಉಳಿದ ಬಳಿದವರನ್ನೇ ಕಟ್ಟಿಕೊಂಡು ೮೬ ಗೆದ್ದು ನಾಲ್ಕನೆಯ ಸ್ಥಾನಕ್ಕೆ ತಂದ. ಧಣಿಗಳ ಕಣ್ಮಣಿಯಾದ ಸೇಂಟ್ ಲೂಯಿಗಿಂತ ಮೇಲೆ! ಕ್ಲೀವ್‌ಲೆಂಡಿನವರೂ ಹೀಗೆಯೇ ಎದೆಗೊಟ್ಟು ಆಡಬಹುದಿತ್ತಲ್ಲ ಎನ್ನುವವರಿದ್ದಾರೆ. ಅಂಥವರು ಮುಂದಿನದನ್ನೂ ಕೇಳಬೇಕು. ೧೯೦೦ರಲ್ಲಿ ಲೀಗಿನ ಧಣಿಗಳು ಹನ್ನೆರಡು ತಂಡ ಹೆಚ್ಚಾಯಿತೆಂದು ನಾಲ್ಕನ್ನು ಮುಚ್ಚಿದರು. ಕ್ಲೀವ್‌ಲೆಂಡ್, ಲೂಯಿವಿಲ್, ವಾಷಿಂಗ್ಟನ್, ಮತ್ತು ಬಾಲ್ಟಿಮೋರ್. ಕೊನೆಗೆ ಬಂದವನನ್ನೂ ಮುಚ್ಚಿದರು, ನಾಲ್ಕನೆಯವನಾಗಿ ಬಂದವನನ್ನೂ ಮುಚ್ಚಿದರು. ಮೈಮುರಿದು ದುಡಿದರೆ ಕಾರಖಾನೆ ಉಳಿಯುತ್ತದೆಂಬ ಮಾತನ್ನು ನಂಬಿದ ಬಾಲ್ಟಿಮೋರಿನವರಿಗೆ ಸಿಕ್ಕಿದ ಉತ್ತರ ಅದು.

ಆಟಗಾರರು ಸುಮ್ಮನಿದ್ದರೆ? ಇಲ್ಲ. ೧೯೦೦ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಸಭೆ ಸೇರಿ ರಕ್ಷಣಾ ಸಂಘವೊಂದನ್ನು ಕಟ್ಟಿದರು. ತಮ್ಮ ಒಪ್ಪಿಗೆ ಇಲ್ಲದೆ ತಮ್ಮನ್ನು ಮಾರಕೂಡದು, ಬದಲಿಗೆ ಕೊಡಕೂಡದು ಎಂಬುದು ಅವರ ಬೇಡಿಕೆಗಳಲ್ಲಿ ಮುಖ್ಯವಾದದ್ದು. ಅಧ್ಯಕ್ಷನಾಗಿ ಆರಿಸಿದ್ದು ಚೀಫ್ ಜಿಮ್ಮರ್ ಎಂಬಾತನನ್ನು. ಈತ ಯಾರು? ವರ್ಷಗಟ್ಟಲೆ ಕ್ಲೀವ್‌ಲೆಂಡಿನಲ್ಲಿ ಸೈ ಯಂಗನ ಚೆಂಡು ಹಿಡಿದವನು. ೧೮೯೯ರಲ್ಲೂ ಅಲ್ಲಿಯೇ ಶುರುಮಾಡಿ, ನಡುವೆ ಲೂಯಿವಿಲ್ಲಿಗೆ ಹೋದವನು. ಕಾರ್ಯದರ್ಶಿ ಜೆನ್ನಿಂಗ್ಸ್, ಬಾಲ್ಟಿಮೋರಿನಿಂದ ಬ್ರೂಕ್ಲಿನ್ನಿಗೆ ಸಾಗಿಸಲ್ಪಟ್ಟವರಲ್ಲಿ ಒಬ್ಬ. ಮಾಲಿನಂತೆ ಸಾಗಿಸಲ್ಪಡುವುದೆಂದರೇನೆಂದು ಇವರಿಬ್ಬರಿಗೂ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಧಣಿಗಳು ಆ ವರ್ಷ ಬೇಡಿಕೆಗಳನ್ನು ತಳ್ಳಿಹಾಕಿದರು.

ಅಷ್ಟರಲ್ಲಿ ಬ್ಯಾನ್ ಜಾನ್ಸನ್ ಎಂಬಾತ ಅಮೆರಿಕನ್ ಲೀಗ್ ಎಂಬ ಎರಡನೆಯ ದೊಡ್ಡ ಲೀಗನ್ನು ೧೯೦೧ರಲ್ಲಿ ಎಬ್ಬಿಸಿದ. ಮುಚ್ಚಿಹೋದ ಕ್ಲೀವ್‌ಲೆಂಡ್, ಬಾಲ್ಟಿಮೋರ್, ವಾಷಿಂಗ್ಟನ್ ಊರುಗಳಲ್ಲಿ ತನ್ನ ತಂಡಗಳನ್ನು ಹೂಡಿದ. ಹೆಚ್ಚು ಸಂಬಳ ಕೊಡುತ್ತೇನೆ, ಬನ್ನಿ ಎಂದ. ಬಾಗಿಲು ಒಂದು ತೆರೆದದ್ದೇ ತಡ, ಆಟಗಾರರು ಹಿಂಡುಹಿಂಡಾಗಿ ಹೊರಟರು. ಸೈ ಯಂಗ್ ರಾಬಿಸನ್ನರನ್ನು ಬಿಟ್ಟು ಬಾಸ್ಟನ್ನಿಗೆ ನಡೆದ. ಆದರೆ ಹಿಗ್ಗಬೇಡಿ. ೧೯೦೩ರಲ್ಲಿ ಎರಡು ಲೀಗಿನ ಧಣಿಗಳೂ ಸಂಧಿ ಮಾಡಿಕೊಂಡು, ಒಬ್ಬರ ಮೀಸಲು ಕರಾರನ್ನು ಇನ್ನೊಬ್ಬರು ಗೌರವಿಸುವುದೆಂದು ಒಪ್ಪಿದರು. ಬಾಗಿಲು ಮತ್ತೆ ಮುಚ್ಚಿತು. ಜಿಮ್ಮರನ ಸಂಘ ಆ ವೇಳೆಗೆ ಕರಗಿಹೋಗಿದ್ದಿತು. ಈ ಬಾರಿ ಬಾಗಿಲು ಮುಚ್ಚಿದ್ದು ಎಷ್ಟು ಕಾಲವೆಂದು ತಿಳಿದೀರಿ? ಎಪ್ಪತ್ತು ವರ್ಷಕ್ಕೂ ಹೆಚ್ಚು.

೧೯೬೬ರಲ್ಲಿ ಆಟಗಾರರ ಹೊಸ ಸಂಘ ಮಾರ್ವಿನ್ ಮಿಲ್ಲರ್ ಎಂಬಾತನನ್ನು ನಡೆಸಲು ಕರೆಯಿತು. ಆತ ಆಟದವನಲ್ಲ, ಉಕ್ಕಿನ ಕೆಲಸಗಾರರ ಸಂಘದಲ್ಲಿ ಕೂಲಿ ಲೆಕ್ಕ ಮಾಡಿ ಪಳಗಿದವನು. ೧೯೬೯ರಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು ಅವನ ತಂಡ ಫಿಲಡೆಲ್ಫಿಯಕ್ಕೆ ಬದಲಿಗೆ ಕೊಟ್ಟಿತು. ಹನ್ನೆರಡು ವರ್ಷ ದುಡಿದ ನಾನು ದನವಲ್ಲ ಎಂಬರ್ಥದಲ್ಲಿ ಆತ ಒಲ್ಲೆನೆಂದ. ಕೋರ್ಟಿಗೆ ಹೋದ. ೧೯೭೨ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಐವರು ಅವನ ವಿರುದ್ಧ, ಮೂವರು ಅವನ ಪರ. ಸೋತ. ಅವನನ್ನು ಬದಲಿಗೆ ಕೊಟ್ಟ ತಂಡ ಯಾವುದೆಂದರೆ ಸೇಂಟ್ ಲೂಯಿ. ಪರ್ಫೆಕ್ಟೋಸ್ ಹೆಸರು ಬದಲಾಗಿ ಕಾರ್ಡಿನಲ್ಸ್ ಆದ ಅದೇ ರಾಬಿಸನ್ನರ ತಂಡ. ೧೯೭೫ರ ಡಿಸೆಂಬರಿನಲ್ಲಿ ಮೆಸರ್‌ಸ್ಮಿತ್ ಮತ್ತು ಮೆಕ್‌ನ್ಯಾಲಿ ಎಂಬಿಬ್ಬರು ಪಿಚರ್‌ಗಳ ವ್ಯಾಜ್ಯದಲ್ಲಿ, ಪೀಟರ್ ಸೈಟ್ಸ್ ಎಂಬ ಪಂಚಾಯ್ತುದಾರ ಒಂದು ವರ್ಷದ ಕರಾರು ಎಂದರೆ ಒಂದೇ ವರ್ಷದ್ದೆಂದು ತೀರ್ಪು ಕೊಟ್ಟ. ಧಣಿಗಳು ಆ ಪಂಚಾಯ್ತುದಾರನನ್ನು ಆಗಿಂದಾಗಲೇ ಕೆಲಸದಿಂದ ತೆಗೆದರು. ತೀರ್ಪು ಮಾತ್ರ ಉಳಿಯಿತು.

ಕೊನೆಯದಾಗಿ, ಆ ಖಾತೆಯ ಮಾತು. ೧೮೯೯ರ ೧೩೪ ಸೋಲುಗಳನ್ನು ಯಾರ ಯಾರ ಹೆಸರಿಗೆ ಬರೆದಿದ್ದಾರೆಂದು ನೋಡಿದರೆ, ಫ್ರಾಂಕ್ ಬೇಟ್ಸ್ ಹೆಸರಿಗೆ ೧೮ ಇವೆ; ಷ್ಮಿಟ್ ಹೆಸರಿಗೆ ೧೭; ನೆಪ್ಪರ್ ಹೆಸರಿಗೆ ೨೨. ಎಲ್ಲರಿಗಿಂತ ದೊಡ್ಡ ಮೊತ್ತ ಜಿಮ್ ಹ್ಯೂಯಿ ಎಂಬುವನ ಹೆಸರಿಗೆ. ನಾಲ್ಕು ಗೆಲುವು, ೩೦ ಸೋಲು. ಆತನಾದ ಮೇಲೆ ಮೇಲ್ದರ್ಜೆಯ ಲೀಗಿನಲ್ಲಿ ಒಂದು ವರ್ಷಕ್ಕೆ ಮೂವತ್ತು ಸೋತ ಪಿಚರ್ ಇನ್ನೊಬ್ಬನಿಲ್ಲ. ರಾಬಿಸನ್ನರ ಹೆಸರಿಗೆ ಆ ಖಾತೆಯಲ್ಲಿ ಒಂದು ಸೋಲೂ ಇಲ್ಲ.

ಮುಂದಿನ ವರ್ಷ ಕ್ಲೀವ್‌ಲೆಂ‌ಡ್ ತಂಡ ಮುಚ್ಚಿದ ಮೇಲೆ ಹ್ಯೂಯಿಯನ್ನೂ ಸೇಂಟ್ ಲೂಯಿಗೆ ಕರೆಸಿಕೊಂಡರು. ಅದೇ ತೋಳು, ಅದೇ ಮನುಷ್ಯ, ಹಿಂದೆ ಕಾಯಲು ನಿಂತವರು ಮಾತ್ರ ಬೇರೆ. ೧೯೦೦ರಲ್ಲಿ ಅಲ್ಲಿ ಅವನ ಲೆಕ್ಕ ಐದು ಗೆಲುವು, ಏಳು ಸೋಲು.